ಸೂರ್ಯನ ರೋಜುನಾಮೆ ಬರೆದ ಕ್ಯಾರಿಂಗ್ಟನ್

ಸೂರ್ಯನ ಬಗ್ಗೆ ಬರೆಯಲು ನಮ್ಮ ಕಾಲೇಜಿನಲ್ಲಿ ಸೈನ್ಸ್ ವಿಭಾಗದವರು ಇದ್ದಾರೆ, ಕಾಮರ್ಸ್‌ನವರಿಗೆ ಇದರಲ್ಲಿ ಏನು ಕೆಲಸ ಎಂದು ಕೆಲವು ಗೆಳೆಯರು ಕೇಳಬಹುದು. ನನ್ನ ಉತ್ತರ ಇಷ್ಟೇ. ನಾನು ಹೇಳಹೊರಟಿರುವ ವ್ಯಕ್ತಿ ಸಂಬಳಕ್ಕಾಗಿ ಸೂರ್ಯನನ್ನು ನೋಡಿದವರಲ್ಲ. ಅವರು ತಂದೆಯ ವ್ಯಾಪಾರವನ್ನು ನಡೆಸುತ್ತಲೇ ಲೆಕ್ಕ ಇಟ್ಟವರು. ಲೆಕ್ಕ ಇಡುವುದು ನಮ್ಮ ವಿಭಾಗದ ಕೆಲಸ. ಆದ್ದರಿಂದ ಅವರ ಕಥೆ ನಮಗೂ ಸೇರಿದ್ದು.

ರಿಚರ್ಡ್ ಕ್ಯಾರಿಂಗ್ಟನ್ ಅವರು 1826ರ ಮೇ 26ರಂದು ಲಂಡನ್ನಿನ ಚೆಲ್ಸಿಯಲ್ಲಿ ಹುಟ್ಟಿದರು. ತಂದೆಗೆ ಬ್ರೆಂಟ್‌ಫರ್ಡ್ ಎಂಬಲ್ಲಿ ಬಿಯರ್ ತಯಾರಿಸುವ ದೊಡ್ಡ ಕಾರ್ಖಾನೆ ಇತ್ತು. ಈ ವ್ಯಾಪಾರದ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುವಂತಿಲ್ಲ. ಆದರೂ ಜೀವನ ಚರಿತ್ರೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಬೇಕಲ್ಲವೇ? ಮಗ ಪಾದ್ರಿಯಾಗಲಿ ಎಂಬ ಉದ್ದೇಶದಿಂದ ಅವರನ್ನು ಓದಲು ಕಳುಹಿಸಿದ್ದರು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದುವಾಗ ಪ್ರೊಫೆಸರ್ ಚಾಲಿಸ್ ಅವರ ಖಗೋಳಶಾಸ್ತ್ರದ ಉಪನ್ಯಾಸಗಳನ್ನು ಕೇಳಿದರು. ಅಲ್ಲಿಂದ ಅವರ ದಾರಿಯೇ ಬದಲಾಯಿತು. ಒಬ್ಬ ಉಪನ್ಯಾಸಕರ ಪಾಠದಿಂದ ಒಬ್ಬ ವಿದ್ಯಾರ್ಥಿಯ ಬದುಕು ಹೀಗೆ ತಿರುಗಬಹುದು ಎಂಬುದನ್ನು ನಮ್ಮ ಗುರುಗಳು ಗಮನಿಸಬೇಕೆಂದು ವಿನಂತಿ.

1849ರಲ್ಲಿ ಡರಮ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಅವರಿಗೆ ಕೆಲಸ ಸಿಕ್ಕಿತು. ಅಲ್ಲಿನ ಉಪಕರಣಗಳು ಅವರಿಗೆ ಸಾಲಲಿಲ್ಲ. 1852ರಲ್ಲಿ ಕೆಲಸ ಬಿಟ್ಟು, ಸರ್ರೆ ಪ್ರಾಂತ್ಯದ ರೆಡ್‌ಹಿಲ್ ಎಂಬಲ್ಲಿ ಮನೆಯನ್ನೂ ಅದರ ಜೊತೆಗೆ ಸ್ವಂತ ವೀಕ್ಷಣಾಲಯವನ್ನೂ ಕಟ್ಟಿಸಿಕೊಂಡರು. ಮನೆಯವರ ಹಣ ಇದ್ದುದರಿಂದ ಇದು ಸಾಧ್ಯವಾಯಿತು. ಆದರೆ ಹಣ ಇದ್ದವರೆಲ್ಲ ಹೀಗೆ ಮಾಡುವುದಿಲ್ಲ. ರಾತ್ರಿ ಹೊತ್ತು ಅವರು ಉತ್ತರ ಧ್ರುವದ ಸುತ್ತಲಿನ ನಕ್ಷತ್ರಗಳನ್ನು ಅಳೆದರು. 3,735 ನಕ್ಷತ್ರಗಳ ಆ ಪಟ್ಟಿ 1857ರಲ್ಲಿ ಪ್ರಕಟವಾಯಿತು. ಅದಕ್ಕೆ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ 1859ರಲ್ಲಿ ಚಿನ್ನದ ಪದಕ ಕೊಟ್ಟಿತು.

ರಾತ್ರಿ ನಕ್ಷತ್ರ ಸರಿ, ಹಗಲು ಏನು ಮಾಡುವುದು? ಹಗಲಿಗೆ ಸೂರ್ಯ ಇದ್ದಾನೆ. ಜರ್ಮನಿಯ ಶ್ವಾಬೆ ಎಂಬ ಔಷಧ ವ್ಯಾಪಾರಿ ಹದಿನೇಳು ವರ್ಷ ಸೂರ್ಯನ ಕಲೆಗಳನ್ನು ಎಣಿಸಿ, ಅವು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುತ್ತವೆ ಎಂದು 1843ರಲ್ಲಿ ತಿಳಿಸಿದ್ದರು. ಇಂತಹ ಒಂದು ಪೂರ್ತಿ ಸುತ್ತನ್ನು, ಅಂದರೆ ಹನ್ನೊಂದು ವರ್ಷವನ್ನು, ಬಿಡದೆ ಅಳೆಯಬೇಕು ಎಂದು ಕ್ಯಾರಿಂಗ್ಟನ್ ನಿರ್ಧರಿಸಿದರು. 1853ರ ನವೆಂಬರ್‌ನಲ್ಲಿ ಕೆಲಸ ಶುರುವಾಯಿತು.

ಅವರು ದೂರದರ್ಶಕಕ್ಕೆ ಕಣ್ಣಿಟ್ಟು ಸೂರ್ಯನನ್ನು ನೋಡುತ್ತಿರಲಿಲ್ಲ. ದೂರದರ್ಶಕದಿಂದ ಬಂದ ಬೆಳಕನ್ನು ಒಂದು ಪರದೆಯ ಮೇಲೆ ಬೀಳಿಸುತ್ತಿದ್ದರು. ಅಲ್ಲಿ ಸುಮಾರು 11 ಇಂಚು ಅಗಲದ ಸೂರ್ಯ ಕಾಣುತ್ತಿದ್ದ. ಸೂರ್ಯನ ಅಂಚು ಮತ್ತು ಒಂದೊಂದು ಕಲೆ ಅಡ್ಡಗೆರೆಗಳನ್ನು ಯಾವ ಕ್ಷಣಕ್ಕೆ ದಾಟುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಲೆಕ್ಕ ಹಾಕಿ, ಆ ಕಲೆ ಸೂರ್ಯನ ಯಾವ ಅಕ್ಷಾಂಶ, ಯಾವ ರೇಖಾಂಶದಲ್ಲಿದೆ ಎಂದು ಗುರುತಿಸುತ್ತಿದ್ದರು.

ಕಾಮರ್ಸ್ ಗೆಳೆಯರಿಗೆ ಇದು ಪರಿಚಿತ ಎನಿಸಬೇಕು. ನಾವು ವ್ಯವಹಾರಗಳನ್ನು ಮೊದಲು ದಿನಾಂಕದ ಪ್ರಕಾರ ರೋಜುನಾಮೆಯಲ್ಲಿ ಬರೆದು, ಆಮೇಲೆ ಖಾತೆಗೆ ಎತ್ತುತ್ತೇವೆ. ರೋಜುನಾಮೆ ಎಂಬ ಮಾತು ನಮ್ಮ ಮನೆಮಾತಿಗೂ ಸೇರಿದ್ದು. ರೋಜ್ ಎಂದರೆ ದಿನ, ನಾಮಾ ಎಂದರೆ ಬರಹ. ಕ್ಯಾರಿಂಗ್ಟನ್ ಅವರದ್ದೂ ಅದೇ ಕ್ರಮ. ದಿನದ ಕಲೆಗಳೆಲ್ಲ ಮೊದಲು ಒಂದು ಕಡೆ, ಆಮೇಲೆ ಪ್ರತಿ ಕಲೆಯ ಗುಂಪಿಗೂ ಒಂದು ಖಾತೆ. ಒಟ್ಟು 954 ಗುಂಪುಗಳು, 5,290 ವೀಕ್ಷಣೆಗಳು.

ಈ ಲೆಕ್ಕದಿಂದ ಸಿಕ್ಕ ಲಾಭ ದೊಡ್ಡದು. ಸೂರ್ಯನ ಸಮಭಾಜಕದ ಹತ್ತಿರದ ಕಲೆಗಳು ಸುಮಾರು 25 ದಿನಕ್ಕೆ ಒಂದು ಸುತ್ತು ಬಂದರೆ, ಧ್ರುವಗಳ ಕಡೆಗೆ ಹೋದಂತೆ ಹೆಚ್ಚು ದಿನ ತೆಗೆದುಕೊಳ್ಳುತ್ತವೆ. ಅಂದರೆ ಸೂರ್ಯ ನಮ್ಮ ಭೂಮಿಯಂತೆ ಗಟ್ಟಿ ಗೋಳವಾಗಿ ಸುತ್ತುವುದಿಲ್ಲ. ಹೊಸ ಸುತ್ತಿನ ಕಲೆಗಳು ಸಮಭಾಜಕದಿಂದ ದೂರದಲ್ಲಿ ಶುರುವಾಗಿ, ವರ್ಷ ಕಳೆದಂತೆ ಅದರ ಹತ್ತಿರ ಬರುತ್ತವೆ ಎಂಬುದನ್ನೂ ಅವರು ಕಂಡುಕೊಂಡರು. ಭೂಮಿಯಿಂದ ನೋಡುವವರಿಗೆ ಸೂರ್ಯನ ಒಂದು ಸುತ್ತು ಸರಾಸರಿ 27.2753 ದಿನ ಎಂದು ಲೆಕ್ಕ ಇಟ್ಟುಕೊಂಡು, 1853ರ ನವೆಂಬರ್ 9ರಿಂದ ಎಣಿಸುವ ಪದ್ಧತಿ ಇವತ್ತಿಗೂ ನಡೆಯುತ್ತಿದೆ. ಅದನ್ನು ಕ್ಯಾರಿಂಗ್ಟನ್ ಸುತ್ತು ಎಂದೇ ಕರೆಯುತ್ತಾರೆ. ಎಣಿಕೆ 2,200 ದಾಟಿದೆ.

ಈಗ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದ ದಿನಕ್ಕೆ ಬರೋಣ. 1859ರ ಸೆಪ್ಟೆಂಬರ್ 1, ಗುರುವಾರ. ಬೆಳಗ್ಗೆ 11 ಗಂಟೆ 18 ನಿಮಿಷ. ಕ್ಯಾರಿಂಗ್ಟನ್ ಎಂದಿನಂತೆ ಪರದೆಯ ಮೇಲಿನ ದೊಡ್ಡ ಕಲೆಗಳ ಗುಂಪೊಂದನ್ನು ಚಿತ್ರಿಸುತ್ತಿದ್ದರು. ಇದ್ದಕ್ಕಿದ್ದಂತೆ ಆ ಗುಂಪಿನ ಮೇಲೆ ಎರಡು ಕಡೆ ಕಣ್ಣು ಕೋರೈಸುವ ಬಿಳಿ ಬೆಳಕು ಕಾಣಿಸಿತು. ಪರದೆಯಲ್ಲಿ ಎಲ್ಲೋ ತೂತಾಗಿ ಹೊರಗಿನ ಬೆಳಕು ಬೀಳುತ್ತಿದೆ ಎಂದು ಮೊದಲು ಅನುಮಾನಪಟ್ಟರು. ದೂರದರ್ಶಕವನ್ನು ಅಲುಗಾಡಿಸಿದರು. ಬೆಳಕು ಸೂರ್ಯನ ಚಿತ್ರದ ಜೊತೆಗೇ ಅಲುಗಾಡಿತು. ಹಾಗಾದರೆ ಅದು ಸೂರ್ಯನದ್ದೇ. ಸಾಕ್ಷಿಗೆ ಯಾರನ್ನಾದರೂ ಕರೆತರೋಣ ಎಂದು ಓಡಿದರು. ಒಂದು ನಿಮಿಷದೊಳಗೆ ವಾಪಸ್ ಬಂದು ನೋಡಿದರೆ ಬೆಳಕು ಆಗಲೇ ಕುಗ್ಗಿಹೋಗಿತ್ತು. 11 ಗಂಟೆ 23 ನಿಮಿಷಕ್ಕೆ ಪೂರ್ತಿ ಮಾಯವಾಯಿತು. ಮನುಷ್ಯ ನೋಡಿ ದಾಖಲಿಸಿದ ಮೊದಲ ಸೌರ ಜ್ವಾಲೆ ಅದು. ಕೇವಲ ಐದು ನಿಮಿಷ.

ಒಬ್ಬರ ಮಾತನ್ನು ಯಾರು ನಂಬುತ್ತಾರೆ? ಓಚರ್ ಇಲ್ಲದ ಖರ್ಚನ್ನು ಆಡಿಟರ್ ಒಪ್ಪುವುದಿಲ್ಲ ಎಂದು ನಾವು ಓದಿದ್ದೇವೆ. ಕ್ಯಾರಿಂಗ್ಟನ್ ಅವರಿಗೆ ಓಚರ್ ತಾನಾಗಿಯೇ ಸಿಕ್ಕಿತು. ಲಂಡನ್ನಿನ ಹೈಗೇಟ್‌ನಲ್ಲಿ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬ ಹವ್ಯಾಸಿ ಅದೇ ಹೊತ್ತಿಗೆ ಅದೇ ಬೆಳಕನ್ನು ನೋಡಿದ್ದರು. ಅವರು ಪುಸ್ತಕ ಪ್ರಕಾಶನದ ವ್ಯಾಪಾರದಲ್ಲಿದ್ದವರು. ಕ್ಯೂ ಎಂಬಲ್ಲಿದ್ದ ವೀಕ್ಷಣಾಲಯದ ಕಾಂತಮಾಪಕ ಕೂಡ ಅದೇ ಸಮಯಕ್ಕೆ ಕದಲಿದ್ದು ದಾಖಲಾಗಿತ್ತು.

ಸುಮಾರು ಹದಿನೇಳೂವರೆ ಗಂಟೆಯ ನಂತರ ಭೂಮಿಯಲ್ಲಿ ಗಲಾಟೆ ಶುರುವಾಯಿತು. ಧ್ರುವಗಳ ಹತ್ತಿರ ಮಾತ್ರ ಕಾಣುವ ಅರೋರಾ ಎಂಬ ಬಣ್ಣದ ಬೆಳಕು ಕ್ಯೂಬಾ, ಹವಾಯಿಯಂತಹ ಬಿಸಿ ನಾಡುಗಳಲ್ಲೂ ಕಂಡಿತು. ಟೆಲಿಗ್ರಾಫ್ ಯಂತ್ರಗಳಿಂದ ಕಿಡಿ ಹಾರಿತು. ಅಮೆರಿಕದ ಬೋಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವಿನ ತಂತಿಯಲ್ಲಿ ಬ್ಯಾಟರಿ ತೆಗೆದುಹಾಕಿದ ಮೇಲೂ, ಆಕಾಶದಿಂದ ಬಂದ ವಿದ್ಯುತ್ತಿನಿಂದಲೇ ಸಂದೇಶ ಕಳುಹಿಸಿದರು.

ನಮ್ಮ ದೇಶದಲ್ಲೂ ಇದರ ಲೆಕ್ಕ ಇದೆ. ಮುಂಬೈಯ ಕೊಲಾಬಾದಲ್ಲಿ 1826ರಲ್ಲಿ, ಅಂದರೆ ಕ್ಯಾರಿಂಗ್ಟನ್ ಹುಟ್ಟಿದ ವರ್ಷವೇ, ಒಂದು ವೀಕ್ಷಣಾಲಯ ಕಟ್ಟಿದ್ದರು. ಅಲ್ಲಿ ಭೂಮಿಯ ಕಾಂತಬಲವನ್ನು ಗಂಟೆಗಂಟೆಗೂ ನೋಡಿ ಕೈಯಿಂದಲೇ ಬರೆದಿಡುತ್ತಿದ್ದರು. 1859ರ ಸೆಪ್ಟೆಂಬರ್ 2ರಂದು ಆ ಬಲ ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿದದ್ದು ಅಲ್ಲಿನ ಪುಸ್ತಕದಲ್ಲಿದೆ. 144 ವರ್ಷಗಳ ನಂತರ, 2003ರಲ್ಲಿ, ವಿಜ್ಞಾನಿಗಳು ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ಅಂದಾಜು ಮಾಡಿದ್ದು ಇದೇ ಪುಸ್ತಕದ ಆಧಾರದಿಂದ.

ನಡೆದದ್ದೇನು ಎಂದು ಈಗ ನಮಗೆ ಗೊತ್ತು. ಜ್ವಾಲೆಯ ಬೆಳಕು ಎಂಟು ನಿಮಿಷದಲ್ಲಿ ಭೂಮಿಗೆ ಬರುತ್ತದೆ. ಜ್ವಾಲೆಯ ಜೊತೆಗೆ ಕೆಲವೊಮ್ಮೆ ಸೂರ್ಯನ ಹೊರಕವಚವಾದ ಕರೋನಾದಿಂದ ಕೋಟ್ಯಂತರ ಟನ್ ವಿದ್ಯುದಾವೇಶದ ಅನಿಲ ಸಿಡಿದು ಹೊರಡುತ್ತದೆ. ಇದು ಕರೋನಾ ರಾಶಿಯ ಉಗುಳು. ಸಾಮಾನ್ಯವಾಗಿ ಅದು ಭೂಮಿಗೆ ತಲುಪಲು ಒಂದರಿಂದ ಮೂರು ದಿನ ಬೇಕು. 1859ರಲ್ಲಿ ಬಂದದ್ದರ ವೇಗವನ್ನು ನಾನೇ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿದೆ. 15 ಕೋಟಿ ಕಿ.ಮೀ. ದೂರವನ್ನು ಹದಿನೇಳೂವರೆ ಗಂಟೆಯಿಂದ ಭಾಗಿಸಿದರೆ ಗಂಟೆಗೆ 85 ಲಕ್ಷ ಕಿ.ಮೀ.ಗೂ ಹೆಚ್ಚು!

ಇಷ್ಟೆಲ್ಲ ಆದರೂ ಕ್ಯಾರಿಂಗ್ಟನ್ ಅವರು ಸೂರ್ಯನ ಆ ಬೆಳಕೇ ಇದಕ್ಕೆಲ್ಲ ಕಾರಣ ಎಂದು ಸಾರಲಿಲ್ಲ. ಎರಡೂ ಹತ್ತಿರ ಹತ್ತಿರ ನಡೆದವು ಎಂದು ಗಮನಕ್ಕೆ ತಂದರು, ಒಂದೇ ಘಟನೆಯಿಂದ ತೀರ್ಮಾನಕ್ಕೆ ಬರಬಾರದು ಎಂದು ಎಚ್ಚರಿಸಿದರು. ಅವರ ಊಹೆ ಸರಿಯೇ ಇತ್ತು. ಆದರೂ ಕೈಯಲ್ಲಿದ್ದ ಲೆಕ್ಕಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ. ನನಗೆ ಅವರ ಬಗ್ಗೆ ಅತಿ ಹೆಚ್ಚು ಗೌರವ ಬಂದದ್ದು ಇಲ್ಲಿ. ಮೊಬೈಲಿನಲ್ಲಿ ಬಂದದ್ದನ್ನು ಓದುವ ಮೊದಲೇ ಫಾರ್ವರ್ಡ್ ಮಾಡುವ ನಮಗೆ ಇದರಲ್ಲಿ ಪಾಠವಿದೆ.

ಅವರ ಕಥೆಯ ನೋವಿನ ಭಾಗ ಇನ್ನು ಮುಂದೆ. 1858ರ ಜುಲೈಯಲ್ಲಿ ತಂದೆ ತೀರಿಕೊಂಡಿದ್ದರು. ಕಾರ್ಖಾನೆಯ ಭಾರ ಮಗನ ಮೇಲೆ ಬಿತ್ತು. ಸೂರ್ಯನಿಗೆ ಕೊಡುವ ಸಮಯ ಕಡಿಮೆಯಾಗುತ್ತಾ ಬಂತು. ಕೇಂಬ್ರಿಜ್ ವೀಕ್ಷಣಾಲಯದ ಮುಖ್ಯಸ್ಥರ ಹುದ್ದೆ ಸಿಗಬಹುದೆಂದು ಆಸೆಪಟ್ಟರು, ಅದು ಬೇರೆಯವರಿಗೆ ಹೋಯಿತು. 1861ರ ಮಾರ್ಚ್‌ನಲ್ಲಿ ಕಲೆಗಳ ಲೆಕ್ಕ ನಿಂತಿತು. ಹನ್ನೊಂದು ವರ್ಷ ಎಂದುಕೊಂಡದ್ದು ಏಳೂವರೆ ವರ್ಷಕ್ಕೆ ಮುಗಿಯಿತು. 1863ರಲ್ಲಿ ಇದ್ದಷ್ಟನ್ನೇ ಪುಸ್ತಕವಾಗಿ ಪ್ರಕಟಿಸಿದರು.

ಈ ಭಾಗವನ್ನು ಓದಿದಾಗ ನನಗೆ ಅದು ಬೇರೆ ದೇಶದ, ಬೇರೆ ಕಾಲದ ಕಥೆ ಎನಿಸಲಿಲ್ಲ. ಪಿಯುಸಿ ಮುಗಿದ ಮೇಲೆ ಅಂಗಡಿಯಲ್ಲಿ ಕೂರುವುದೋ, ಮುಂದೆ ಓದುವುದೋ ಎಂಬ ಮಾತು ನಮ್ಮ ಮನೆಯಲ್ಲೂ ರಾತ್ರಿ ಊಟಕ್ಕೆ ಕೂತಾಗ ಬರುತ್ತದೆ. ಅಬ್ಬಾ ಬಲವಂತ ಮಾಡುವವರಲ್ಲ. ಆದರೆ ಅವರ ಮೊಣಕಾಲು ನೋವು ನನಗೆ ಕಾಣುತ್ತದೆ. ನಮ್ಮ ತರಗತಿಯಲ್ಲಿ ಇಂತಹ ಮನೆಗಳಿಂದ ಬಂದವರು ಬಹಳ ಜನ ಇದ್ದೇವೆ. ವ್ಯಾಪಾರ ಕೆಟ್ಟದ್ದಲ್ಲ. ಆ ವ್ಯಾಪಾರದ ಹಣವೇ ಕ್ಯಾರಿಂಗ್ಟನ್ ಅವರಿಗೆ ದೂರದರ್ಶಕ ಕೊಟ್ಟಿತು, ಅದೇ ವ್ಯಾಪಾರ ಅವರ ಸಮಯವನ್ನು ವಾಪಸ್ ಪಡೆಯಿತು. ಏಳೂವರೆ ವರ್ಷದ ಲೆಕ್ಕ ಅಪೂರ್ಣ, ಆದರೆ ವ್ಯರ್ಥವಾಗಲಿಲ್ಲ. ಹೀಗೆ ಯೋಚಿಸಿದಾಗ ನನಗೆ ಸ್ವಲ್ಪ ಧೈರ್ಯ ಬರುತ್ತದೆ. ಪೂರ್ತಿ ಸಮಯ ಸಿಗದಿದ್ದರೂ ಸಿಕ್ಕಷ್ಟು ಸಮಯದ ಲೆಕ್ಕವನ್ನು ಸರಿಯಾಗಿ ಇಡಬಹುದು.

1865ರಲ್ಲಿ ಕಾಯಿಲೆ ಬಿದ್ದ ಮೇಲೆ ಅವರು ಕಾರ್ಖಾನೆಯನ್ನು ಮಾರಿ ಚರ್ಟ್ ಎಂಬ ಹಳ್ಳಿಗೆ ಹೋದರು. ಅಲ್ಲೂ ಒಂದು ಗುಡ್ಡದ ಮೇಲೆ ವೀಕ್ಷಣಾಲಯ ಕಟ್ಟಿಸಿದರು. 1869ರಲ್ಲಿ ಮದುವೆಯಾದರು, ಆದರೆ ಸಂಸಾರದಲ್ಲಿ ನೆಮ್ಮದಿ ಸಿಗಲಿಲ್ಲ. 1875ರ ನವೆಂಬರ್ 17ರಂದು ಹೆಂಡತಿ ಸತ್ತರು. ಹತ್ತೇ ದಿನದಲ್ಲಿ, ನವೆಂಬರ್ 27ರಂದು, ಕ್ಯಾರಿಂಗ್ಟನ್ ಕೂಡ ತೀರಿಕೊಂಡರು. ವಯಸ್ಸು 49. ಸಾಯುವಾಗಲೂ ಖಗೋಳ ಸೊಸೈಟಿಗೆ 2,000 ಪೌಂಡ್ ಬಿಟ್ಟುಹೋಗಿದ್ದರು.

ಅವರು ಕಂಡ ಬೆಳಕಿನ ಮಹತ್ವ ಈಗ ಹೆಚ್ಚಾಗಿದೆ. 1989ರ ಮಾರ್ಚ್‌ನಲ್ಲಿ ಇಂತಹದೇ, ಆದರೆ ಇದಕ್ಕಿಂತ ಚಿಕ್ಕ, ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು 60 ಲಕ್ಷ ಜನರಿಗೆ ಗಂಟೆಗಟ್ಟಲೆ ಕರೆಂಟ್ ಇರಲಿಲ್ಲ. ನಮ್ಮ ಬ್ಯಾಂಕು, ಯುಪಿಐ, ಮೊಬೈಲ್ ಎಲ್ಲವೂ ಕರೆಂಟ್ ಮತ್ತು ಉಪಗ್ರಹಗಳನ್ನು ನಂಬಿಕೊಂಡಿವೆ. ಅದಕ್ಕಾಗಿಯೇ ನಮ್ಮ ದೇಶ 2023ರ ಸೆಪ್ಟೆಂಬರ್ 2ರಂದು ಆದಿತ್ಯ ಎಲ್-1 ನೌಕೆಯನ್ನು ಕಳುಹಿಸಿತು. ಕರೋನಾವನ್ನು ನೋಡುವ ಅದರ ಮುಖ್ಯ ಉಪಕರಣವನ್ನು ತಯಾರಿಸಿದ್ದು ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆ.

ನೌಕೆಗಳು ಬಂದ ಮೇಲೂ ಹವ್ಯಾಸಿಗಳ ಕೆಲಸ ನಿಂತಿಲ್ಲ. ಹಲವು ದೇಶಗಳ ವೀಕ್ಷಕರು ದಿನವೂ ಕಲೆಗಳನ್ನು ಎಣಿಸಿ ಬೆಲ್ಜಿಯಂನ ಬ್ರಸೆಲ್ಸ್‌ಗೆ ಕಳುಹಿಸುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಹವ್ಯಾಸಿಗಳು. ಹಳೆಯ ಲೆಕ್ಕದ ಜೊತೆ ಹೊಸದನ್ನು ಹೋಲಿಸಬೇಕಾದರೆ ಹಳೆಯ ರೀತಿಯಲ್ಲೇ ಎಣಿಸುವವರು ಬೇಕು.

ಕೊನೆಗೆ ಒಂದು ಎಚ್ಚರಿಕೆ, ಒಂದು ಕೋರಿಕೆ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ದುರ್ಬೀನಿನಿಂದಾಗಲಿ ಯಾರೂ ನೇರವಾಗಿ ನೋಡಬೇಡಿ, ಕಣ್ಣು ಹೋಗುತ್ತದೆ. ಕ್ಯಾರಿಂಗ್ಟನ್ ಮಾಡಿದಂತೆ ಬಿಳಿ ಹಾಳೆಯ ಮೇಲೆ ಬಿಂಬ ಬೀಳಿಸಿ ನೋಡುವುದನ್ನು ಫಿಸಿಕ್ಸ್ ಉಪನ್ಯಾಸಕರು ತಮ್ಮ ಮುಂದೆಯೇ ನಮಗೆ ಹೇಳಿಕೊಡಬೇಕೆಂದು ಕೋರುತ್ತೇನೆ. ಸೈನ್ಸ್ ವಿಭಾಗದವರು ಕಲೆಗಳನ್ನು ಗುರುತಿಸಲಿ. ದಿನಾಂಕ, ಸಮಯ, ಸಂಖ್ಯೆ ಬರೆದು ರೋಜುನಾಮೆ ಇಡುವ ಕೆಲಸ ಕಾಮರ್ಸ್ ವಿಭಾಗಕ್ಕೆ ಇರಲಿ. ಪುಸ್ತಕವನ್ನು ನಾನು ತರುತ್ತೇನೆ.