ದಿವಂಗತ ಡಾಕ್ಟರ್ ಟಿ. ಎಂ. ಎ. ಪೈಯವರ ಜೀವನವೃತ್ತಾಂತ

ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಅನ್ಯಮತೀಯರಾದ ವೈದ್ಯರೊಬ್ಬರ ಚರಿತ್ರೆಗೆ ಎಡೆಗೊಡುವುದು ಉಚಿತವೇ ಎಂದು ಕೆಲವು ವಾಚಕರಿಗೆ ತೋರಬಹುದು. ರೋಗಿಯ ಹಾಸಿಗೆಯ ಬಳಿ ಮತಭೇದವಿಲ್ಲವೆಂಬ ಒಂದೇ ಕಾರಣ ಸಾಕು. ಆದರೂ ನಮ್ಮ ಕ್ರೈಸ್ತ ಸಮುದಾಯಕ್ಕೆ ವಿಶೇಷವಾಗಿ ಸಂಬಂಧಿಸಿದ ಬೇರೊಂದು ಕಾರಣವೂ ಇದೆ. ಅದನ್ನು ಮುಂದೆ ನಿವೇದಿಸುತ್ತೇವೆ.

ತೋನ್ಸೆ ಮಾಧವ ಅನಂತ ಪೈಯವರು ಜನಿಸಿದ್ದು 1898ರ ಏಪ್ರಿಲ್ 30ರಂದು, ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ. ಮಿಲಾಗ್ರಿಸ್ ದೇವಾಲಯದಿಂದಾಗಿ ಕರಾವಳಿಯ ಕಥೋಲಿಕರಿಗೆಲ್ಲ ಚಿರಪರಿಚಿತವಾದ ಊರು ಅದು. ಕೊಂಕಣಿ ಮನೆಮಾತಿನ ಕುಟುಂಬ. ಅಣ್ಣ ಉಪೇಂದ್ರ ಪೈಯವರು ವ್ಯಾಪಾರಸ್ಥರು. ತಮ್ಮನು ಮದ್ರಾಸಿಗೆ ಹೋಗಿ ವೈದ್ಯವಿದ್ಯೆ ಕಲಿತರು. ಪದವಿ ಕೈಗೆ ಬಂದಾಗ ಹೊರದೇಶಕ್ಕೆ ತೆರಳಿ ವೃತ್ತಿ ನಡೆಸಬೇಕೆಂಬ ಹಂಬಲ ಅವರಲ್ಲಿತ್ತು. ತಾಯಿ ಒಪ್ಪಲಿಲ್ಲ, ಕಲಿತ ವಿದ್ಯೆ ಹುಟ್ಟಿದ ಸೀಮೆಯ ಜನರಿಗೇ ಸಲ್ಲಬೇಕೆಂಬುದು ಆಕೆಯ ಇಚ್ಛೆ. ಮಗನು ತನ್ನ ಆಸೆಯನ್ನು ಬದಿಗಿಟ್ಟು ಉಡುಪಿಯಲ್ಲಿಯೇ ಚಿಕಿತ್ಸಾಲಯ ತೆರೆದರು. ಆ ತಾಯಿ ಅಂದು ಬೇರೆ ಬಗೆಯಾಗಿ ಯೋಚಿಸಿದ್ದರೆ ದಕ್ಷಿಣ ಕನ್ನಡದ ಇತಿಹಾಸವೇ ಬೇರೆಯಾಗುತ್ತಿತ್ತೆಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಆಗಿನ ಉಡುಪಿ ದೇವಸ್ಥಾನ ಮಠಗಳ ಸಣ್ಣ ಪಟ್ಟಣ. ವೈದ್ಯನ ಮುಂದೆ ಬಂದು ಕುಳಿತವನ ಜ್ವರಕ್ಕೆ ಔಷಧ ಕೊಡಬಹುದು. ಆದರೆ ಅವನು ಮರಳಿ ಹೋಗುವ ಮನೆಯಲ್ಲಿ ಅನ್ನವಿಲ್ಲದಿದ್ದರೆ ಔಷಧದಿಂದ ಆಗುವುದೇನು? ರೋಗ, ಬಡತನ, ಅಜ್ಞಾನ ಇವು ಮೂರೂ ಒಂದೇ ಬಳ್ಳಿಯ ಕಾಯಿಗಳೆಂಬುದನ್ನು ಅವರು ತಮ್ಮ ವೃತ್ತಿಯಿಂದಲೇ ಅರಿತರು. ಅದೇ ಕಾಲಕ್ಕೆ ಕೈಮಗ್ಗದ ಉದ್ಯಮ ಕುಸಿದು ನೇಕಾರರು ದಿಕ್ಕುಗೆಟ್ಟಿದ್ದರು. ಇಳಕಲ್ಲ, ರಬಕವಿ-ಬನಹಟ್ಟಿಗಳ ಮಗ್ಗಗಳ ಸಪ್ಪಳ ಕೇಳಿ ಬಲ್ಲ ನಮ್ಮ ಭಾಗದವರಿಗೆ, ಮಗ್ಗ ನಿಂತ ಮನೆ ಎಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. 1925ರಲ್ಲಿ ಪೈ ಸಹೋದರರೂ ವಾಮನ ಕುಡ್ವರೂ ಸೇರಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ.

1928ರಲ್ಲಿ ಆ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿಯನ್ನು ಕುರಿತು ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ದಿನಕ್ಕೆ ಎರಡಾಣೆ ಉಳಿಸಬಲ್ಲವನು ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಾನೆ. ಹತ್ತಿದರೂ ಅವನ ಎರಡಾಣೆಗೆ ಅಲ್ಲಿ ಬೆಲೆಯಿಲ್ಲ. ಆದ್ದರಿಂದ ಬ್ಯಾಂಕೇ ಅವನ ಬಾಗಿಲಿಗೆ ಹೋಗಲೆಂದು ಏರ್ಪಾಡಾಯಿತು. ಪ್ರತಿನಿಧಿ ನಿತ್ಯವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಹಣ ಸಂಗ್ರಹಿಸಿ ಬರೆದುಕೊಳ್ಳುವನು. ರೋಗಿಯ ಮನೆಗೆ ತಾನೇ ಹೋಗುವ ವೈದ್ಯನ ಅಭ್ಯಾಸ ಬ್ಯಾಂಕಿಗೂ ಅಂಟಿತೆನ್ನೋಣವೇ! ಇಂದು ವಿಜಯಪುರದ ಪೇಟೆಯಲ್ಲಿ ಕಾಯಿಪಲ್ಲೆ ಮಾರುವ ಅವ್ವನೂ ಸೊಸೈಟಿಗೆ ಪಿಗ್ಮಿ ಕಟ್ಟುತ್ತಾಳೆ; ಆ ಶಬ್ದ ಉಡುಪಿಯ ವೈದ್ಯರೊಬ್ಬರ ಮನೆತನದಿಂದ ಬಂದದ್ದೆಂದು ಆಕೆಗೆ ತಿಳಿದಿರಲಾರದು. ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಉಳಿದಿದೆ.

ಪೈಯವರು ಮಾಡಿದ್ದೆಲ್ಲವೂ ಕುಟುಂಬದೊಡನೆ ಮಾಡಿದ್ದು. ಅಣ್ಣನ ವ್ಯವಹಾರಜ್ಞಾನವಿಲ್ಲದೆ ತಮ್ಮನ ಕನಸುಗಳಿಗೆ ನೆಲೆ ದೊರೆಯುತ್ತಿರಲಿಲ್ಲ. ಅಣ್ಣನ ಮಗ ಟಿ. ಎ. ಪೈಯವರು ಬ್ಯಾಂಕನ್ನು ಬೆಳೆಸಿ, ಮುಂದೆ ಕೇಂದ್ರದ ಮಂತ್ರಿಗಳಾದರು. ಕೂಡುಕುಟುಂಬವೆಂದರೆ ಆಸ್ತಿ ಹಂಚುವ ದಿನದವರೆಗಿನ ಒಪ್ಪಂದವೆಂದು ತಿಳಿದಿರುವವರು ಈ ಮನೆತನದ ಕಥೆಯನ್ನು ಗಮನಿಸಬೇಕು.

ಉಡುಪಿಯ ಪೂರ್ವಕ್ಕೆ ಕೆಲವೇ ಮೈಲಿ ದೂರದ ಬೋಳುಗುಡ್ಡವೇ ಮಣಿಪಾಲ. ಮಣ್ಣುಪಳ್ಳವೆಂಬ ಕೆರೆಯಿಂದ ಆ ಹೆಸರು ಬಂತು. 1942ರಲ್ಲಿ ಸಾಮಾನ್ಯ ಶಿಕ್ಷಣ ಅಕಾಡೆಮಿಯನ್ನು ಸ್ಥಾಪಿಸಿದ ಪೈಯವರು 1949ರಲ್ಲಿ ಉಡುಪಿಗೆ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನೂ, 1953ರಲ್ಲಿ ಮಣಿಪಾಲಕ್ಕೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ ತಂದರು. ನಮ್ಮ ಧರ್ಮಾಧ್ಯಕ್ಷರುಗಳ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾದದ್ದು ಇದಕ್ಕೆ ಹತ್ತು ವರ್ಷಗಳ ತರುವಾಯ, 1963ರಲ್ಲಿ. ಮಣಿಪಾಲದಲ್ಲಿ ಮೊದಲಿಗೆ ದೊಡ್ಡ ಆಸ್ಪತ್ರೆಯೇ ಇರಲಿಲ್ಲ. ರೋಗಿಗಳನ್ನು ಕಂಡು ಕಲಿಯಲು ವಿದ್ಯಾರ್ಥಿಗಳು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋಗಬೇಕಾಗಿತ್ತು. ಕಸ್ತೂರ್ಬಾ ಆಸ್ಪತ್ರೆ 1961ರಲ್ಲಿ ಸಿದ್ಧವಾಯಿತು. ಉತ್ತರ ಕರ್ನಾಟಕದ ರೋಗಿಗಳೂ ಘಟ್ಟವಿಳಿದು ಅಲ್ಲಿಗೆ ಹೋಗುವುದು ಕ್ರಮೇಣ ರೂಢಿಯಾಯಿತು.

ಸರಕಾರದ ಬೊಕ್ಕಸವಾಗಲಿ ಮಿಷನ್ನುಗಳ ನೆರವಾಗಲಿ ಇಲ್ಲದೆ ಕಾಲೇಜು ನಡೆದದ್ದು ವಿದ್ಯಾರ್ಥಿಗಳ ಪೋಷಕರಿತ್ತ ಹಣದಿಂದ. ಇದು ವಿದ್ಯೆಯ ಮಾರಾಟವೆಂದು ಅಂದೇ ಆಕ್ಷೇಪ ಹುಟ್ಟಿತು. ನಾವು ಈ ಆಕ್ಷೇಪವನ್ನು ತಳ್ಳಿಹಾಕುವುದಿಲ್ಲ. ಬಡವರಿಗಾಗಿ ಎರಡಾಣೆಯ ಠೇವಣಿ ರೂಪಿಸಿದ ಬ್ಯಾಂಕಿನ ಸ್ಥಾಪಕರ ಕಾಲೇಜು ಬಡವನ ಮಗನಿಗೆ ಸುಲಭವಾಗಿ ಎಟುಕಲಿಲ್ಲವೆಂಬುದು ನಿಜ. ಆದರೆ ಸರಕಾರಿ ಕಾಲೇಜುಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಆ ಹಣವಿಲ್ಲದೆ ಆ ಗುಡ್ಡದ ಮೇಲೆ ಆಸ್ಪತ್ರೆಯೂ ಇರುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ನೆನಪಿಡುವುದೇ ನ್ಯಾಯ.

ಈಗ ಆರಂಭದಲ್ಲಿ ಹೇಳಿದ ಕಾರಣಕ್ಕೆ ಬರೋಣ. ಪೈಯವರ ಹೆಸರಿನ ಪ್ರತಿಷ್ಠಾನವು ಕರ್ನಾಟಕ ಸರಕಾರದ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ 2002ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಸಂವಿಧಾನದ 30ನೆಯ ವಿಧಿಯನ್ವಯ ಅಲ್ಪಸಂಖ್ಯಾತರು ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ವಿವರವಾಗಿ ಪರಿಶೀಲಿಸಿದ ತೀರ್ಪು ಅದು. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಣಯಿಸಬೇಕೆಂದು ಹೇಳಿದ್ದೂ ಅದೇ. ನಮ್ಮ ಧರ್ಮಕೇಂದ್ರಗಳ ಶಾಲೆಗಳ ಹಕ್ಕಿನ ಪ್ರಶ್ನೆ ಎದ್ದಾಗಲೆಲ್ಲ ವಕೀಲರು ಮೊದಲು ಉಚ್ಚರಿಸುವುದು ಈ ವೈದ್ಯರ ಹೆಸರನ್ನು. ಪ್ರವೇಶಕ್ಕಾಗಿ ಕ್ಯಾಪಿಟೇಶನ್ ಹಣ ಪಡೆಯುವುದೂ ಲಾಭಕೋರತನವೂ ಸಲ್ಲದೆಂದು ಅದೇ ತೀರ್ಪು ಸಾರಿದ್ದು ಕಾಲದ ವಿನೋದವೆನ್ನಬೇಕು.

1972ರಲ್ಲಿ ಭಾರತ ಸರಕಾರ ಪೈಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 1979ರ ಮೇ 29ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ನಿಧನರಾದರು. ತಂದೆಯಂತೆಯೇ ವೈದ್ಯರಾದ ಮಗ ರಾಮದಾಸ ಪೈಯವರು ಮಣಿಪಾಲದ ಸಂಸ್ಥೆಗಳ ಹೊಣೆಯನ್ನು ಹೊತ್ತರು. 1993ರಲ್ಲಿ ಆ ಸಂಸ್ಥೆಗಳಿಗೆ ವಿಶ್ವವಿದ್ಯಾನಿಲಯದ ಮಾನ್ಯತೆ ದೊರೆಯಿತು.