ಬೆಂಗಳೂರಿನ ಪೀಪಾಯಿಯಿಂದ ಬೇಗಂಪೇಟೆಯ ಸೊಳ್ಳೆಯವರೆಗೆ: ಸರ್ ರೊನಾಲ್ಡ್ ರಾಸ್

ಡಿ. ಹಿರೇಹಾಳ್: ಪ್ರತಿವರ್ಷ ಆಗಸ್ಟ್ 20 ವಿಶ್ವ ಸೊಳ್ಳೆ ದಿನ. ಸೊಳ್ಳೆಗೂ ಒಂದು ದಿನವೇ ಎಂದು ನಗುವವರಿದ್ದಾರೆ. ಆದರೆ ಪರಾವಲಂಬಿ ಜೀವಿಗಳ ಸಂಶೋಧನೆಯನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವ ವಿಶ್ವವಿದ್ಯಾಲಯದ ವಿಚಾರ ಸಂಕಿರಣಗಳು ಈ ದಿನದ ಕಥೆಯನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಪರಾವಲಂಬಿ ಎಂದರೆ ಇನ್ನೊಂದು ಜೀವಿಯ ಮೈಯಲ್ಲಿ ಸೇರಿಕೊಂಡು ಅದರ ಅನ್ನ ತಿಂದು ಬದುಕುವ ಜೀವಿ. ಹೊಟ್ಟೆಯ ಜಂತುಹುಳು, ಹಿಂದೆ ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ಹೊರಬರುತ್ತಿದ್ದ ನಾರುಹುಳು, ಮಲೇರಿಯಾದ ರೋಗಾಣು ಎಲ್ಲವೂ ಇದೇ ಪಂಗಡ.

ನಾವು ಚಳಿಜ್ವರ ಎನ್ನುವುದನ್ನು ಪಕ್ಕದ ಮನೆಯವರು ಚಲಿಜ್ವರಂ ಎನ್ನುತ್ತಾರೆ. ಅದರ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಅವರ ಬದುಕೂ ಹೀಗೆಯೇ ಕನ್ನಡ, ತೆಲುಗು ಎರಡೂ ಸೀಮೆಗಳಲ್ಲಿ ಹಾದುಹೋಗಿದೆ. ಸೊಳ್ಳೆಯ ಮೊದಲ ಪಾಠ ಬೆಂಗಳೂರಿನಲ್ಲಾಯಿತು, ಉತ್ತರ ಸಿಕಂದರಾಬಾದಿನಲ್ಲಿ ಸಿಕ್ಕಿತು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಎಂಟನೇ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಕವಿತೆ, ಸಂಗೀತ, ಚಿತ್ರಕಲೆ, ಗಣಿತ ಇವುಗಳ ಮೇಲೆ ಮನಸ್ಸು. ತಂದೆಗೆ ಮಗ ಡಾಕ್ಟರಾಗಬೇಕು. (ನಮ್ಮೂರುಗಳಲ್ಲೂ ಇದು ಹೊಸದೇನಲ್ಲ.) ಒಲ್ಲದ ಮನಸ್ಸಿನಿಂದ ವೈದ್ಯಕೀಯ ಓದಿ, ಒಂದು ಪರೀಕ್ಷೆಯಲ್ಲಿ ಫೇಲಾಗಿ, ಹಡಗಿನಲ್ಲಿ ವೈದ್ಯರಾಗಿ ದುಡಿದು, ಕೊನೆಗೆ 1881ರಲ್ಲಿ ಭಾರತದ ಸರ್ಕಾರಿ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಬೆಂಗಳೂರು ದಂಡಿನಲ್ಲಿ ಕೆಲಸ. ಇರಲು ಒಳ್ಳೆಯ ಬಂಗಲೆ, ಆದರೆ ಸೊಳ್ಳೆ ಕಾಟ ಮಾತ್ರ ವಿಪರೀತ. ಕಿಟಕಿಯ ಹೊರಗೆ ನೀರಿನ ಪೀಪಾಯಿಯೊಂದು ಇತ್ತು. ಬಗ್ಗಿ ನೋಡಿದರೆ ಒಳಗೆಲ್ಲ ಮಿಲಮಿಲ ಹುಳು. ಪೀಪಾಯಿ ಬೋರಲು ಹಾಕಿಸಿದರು, ಕಾಟ ಇಳಿಯಿತು. ಊಟದ ಮನೆಯ ತೊಟ್ಟಿ, ಡಬ್ಬಗಳಿಗೂ ಹೀಗೇ ಮಾಡೋಣವೆಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಪ್ರಕೃತಿಯ ಏರ್ಪಾಡನ್ನು ಕೆಡಿಸಬಾರದು ಎಂಬುದು ಅವರ ವಾದ! ಸೊಳ್ಳೆಗೂ ಜ್ವರಕ್ಕೂ ನಂಟಿದೆ ಎಂಬುದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. ವಾರಕ್ಕೊಮ್ಮೆ ನಲ್ಲಿ ನೀರು ಬರುವ ನಮ್ಮ ಊರುಗಳಲ್ಲಿ ಡ್ರಮ್ಮು, ತೊಟ್ಟಿ ತುಂಬಿಟ್ಟುಕೊಳ್ಳುವವರು ಈ ಪ್ರಸಂಗವನ್ನು ನೆನಪಿಡಬೇಕು.

ಮಲೇರಿಯಾ ರೋಗಿಯ ರಕ್ತದಲ್ಲಿ ರೋಗಾಣು ಇರುವುದನ್ನು ಫ್ರೆಂಚ್ ವೈದ್ಯ ಲಾವೆರನ್ 1880ರಲ್ಲೇ ಕಂಡಿದ್ದರು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ರಾಸ್ ಅವರಿಗೆ ತೋರಿಸಿದರು. ಸೊಳ್ಳೆಯೇ ಇದನ್ನು ಸಾಗಿಸುತ್ತದೆ ಎಂದು ಮ್ಯಾನ್ಸನ್ ಊಹಿಸಿದ್ದರು. ಆದರೆ ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ಜ್ವರ ಬರುತ್ತದೆಂದು ಅವರು ತಿಳಿದಿದ್ದರು. ಸಿಕಂದರಾಬಾದಿಗೆ ಬಂದ ರಾಸ್ ಅಂಥ ನೀರನ್ನು ಕೆಲವರಿಗೆ ಕುಡಿಸಿಯೂ ನೋಡಿದರು. ಇಂದಾದರೆ ಯಾವ ವಿಶ್ವವಿದ್ಯಾಲಯವೂ ಇದಕ್ಕೆ ಅನುಮತಿ ಕೊಡದು.

1895ರ ಸೆಪ್ಟೆಂಬರಿನಲ್ಲಿ ಕಾಲರಾ ಹತೋಟಿಗೆಂದು ಮತ್ತೆ ಬೆಂಗಳೂರಿಗೆ ಹಾಕಿದರು. ಸಂಶೋಧನೆ ಕುಂಟಿತು. 1897ರಲ್ಲಿ ಊಟಿಯ ಬಳಿಯ ಸಿಗೂರು ಘಾಟಿಗೆ ಹೋಗಿ ಅವರಿಗೇ ಮಲೇರಿಯಾ ಹಿಡಿಯಿತು.

ಅದೇ ಜೂನಿನಲ್ಲಿ ಸಿಕಂದರಾಬಾದಿಗೆ ವಾಪಸು. ಬೇಗಂಪೇಟೆಯ ಸಣ್ಣ ಆಸ್ಪತ್ರೆಯಲ್ಲಿ ಕೂತು ಸೊಳ್ಳೆ ಸೀಳಿದ್ದೇ ಸೀಳಿದ್ದು. ಪಂಖಾ ಹಾಕಿಸಿದರೆ ಸೊಳ್ಳೆ ಹಾರಿಹೋಗುತ್ತದೆ, ಹಾಕದಿದ್ದರೆ ಸೆಕೆ. ಕಣ್ಣಿಗೆ ನುಸಿ ಮುತ್ತುತ್ತಿತ್ತು. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು, ಮಸೂರ ಬಿರುಕು ಬಿಟ್ಟಿತ್ತು. ಏನೂ ಕಾಣಲಿಲ್ಲ. ಕಾರಣ, ಅವರು ನೋಡುತ್ತಿದ್ದುದು ಬೇರೆ ಜಾತಿಯ ಸೊಳ್ಳೆ.

ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಮಚ್ಚೆಯಿರುವ ಸೊಳ್ಳೆಯ ಮರಿಗಳು ಸಿಕ್ಕವು. ಇಂದು ನಾವು ಅನಾಫಿಲಿಸ್ ಎನ್ನುವುದು ಇದನ್ನೇ. ಮರಿಯಿಂದಲೇ ಸಾಕಿದ ಸೊಳ್ಳೆಗಳಾದ್ದರಿಂದ ಮೊದಲು ಯಾರ ರಕ್ತವನ್ನೂ ಕುಡಿದಿರಲಿಲ್ಲ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಆಗಸ್ಟ್ 16ರಂದು ಅವುಗಳಿಂದ ಕಚ್ಚಿಸಿದರು. ಒಂದು ಸೊಳ್ಳೆಗೆ ಒಂದಾಣೆ ಲೆಕ್ಕದಲ್ಲಿ ಅವರಿಗೆ ಸಿಕ್ಕಿದ್ದು ಹತ್ತಾಣೆ. 20ರಂದು ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕರಿಚುಕ್ಕಿಗಳಿದ್ದ ದುಂಡು ಕೋಶಗಳು ಕಂಡವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಅವು ಇನ್ನೂ ದಪ್ಪಗಾಗಿದ್ದವು. ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತಿತ್ತು.

ಇನ್ನೇನು ಪೂರ್ತಿ ಮಾಡಬೇಕು ಎನ್ನುವಾಗ ರಾಜಪುತಾನದ ಖೇರ್ವಾರಾಕ್ಕೆ ವರ್ಗಾವಣೆ! ಸರ್ಕಾರಿ ನೌಕರಿ ಮಾಡಿದವರಿಗೆ ಆ ಸಂಕಟ ಗೊತ್ತು. 1898ರಲ್ಲಿ ಕಲ್ಕತ್ತಾಕ್ಕೆ ಹೋದರೆ, ಪ್ಲೇಗಿನ ಚುಚ್ಚುಮದ್ದಿಗೆ ಹೆದರಿದ್ದ ಜನ ರಕ್ತ ಕೊಡಲು ಒಪ್ಪಲಿಲ್ಲ. ಹಕ್ಕಿಗಳ ಮಲೇರಿಯಾ ಹಿಡಿದು ಕೂತರು. ಸಹಾಯಕ ಮಹಮ್ಮದ್ ಬಕ್ಸ್ ಸೊಳ್ಳೆ ಹಿಡಿದು ತರುತ್ತಿದ್ದರು. ಜುಲೈನಲ್ಲಿ ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿ ಸೇರುವುದು ಕಂಡಿತು. ರೋಗ ಹರಡುವುದು ನೀರು ಕುಡಿಯುವುದರಿಂದಲ್ಲ, ಕಚ್ಚುವುದರಿಂದ ಎಂದು ಆರೋಗ್ಯವಂತ ಗುಬ್ಬಚ್ಚಿಗಳಿಗೆ ಸೊಳ್ಳೆ ಕಚ್ಚಿಸಿ ತೋರಿಸಿದರು.

ಮನುಷ್ಯರ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಲ್ಲಿ ಬೆಳೆಯುವ ಪೂರ್ಣ ಚಕ್ರವನ್ನು ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ತೋರಿಸಿದರು. 1902ರ ನೊಬೆಲ್ ಮಾತ್ರ ರಾಸ್ ಒಬ್ಬರಿಗೇ ಬಂತು. ಗ್ರಾಸಿಯವರ ಮೇಲಿನ ಹಗೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಈ ವಿಷಯದಲ್ಲಿ ರಾಸ್ ದೊಡ್ಡತನ ತೋರಲಿಲ್ಲ ಎಂದೇ ಹೇಳಬೇಕು.

1899ರಲ್ಲಿ ಭಾರತದ ನೌಕರಿ ಬಿಟ್ಟು ಲಿವರ್‌ಪೂಲಿನಲ್ಲಿ ಪಾಠ ಹೇಳಿದರು. ಸೊಳ್ಳೆ ಹುಟ್ಟುವ ನೀರನ್ನು ಹರಿಯಬಿಡಿ, ಮುಚ್ಚಿಡಿ ಎಂದು ದೇಶ ದೇಶ ಸುತ್ತಿ ಹೇಳಿದರು. ಸೊಳ್ಳೆಯ ಸಂಖ್ಯೆ ಎಷ್ಟು ಇಳಿದರೆ ಜ್ವರ ನಿಲ್ಲುತ್ತದೆಂದು ಗಣಿತದಲ್ಲಿ ಲೆಕ್ಕ ಹಾಕಿದರು. ಹುಡುಗತನದ ಗಣಿತ ಕೈಬಿಡಲಿಲ್ಲ ನೋಡಿ. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಬೇಗಂಪೇಟೆಯ ಆ ಕಟ್ಟಡ ಹಳೆಯ ವಿಮಾನ ನಿಲ್ದಾಣದ ಹತ್ತಿರದಲ್ಲೇ ಇದೆ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಪರಾವಲಂಬಿ ಜೀವಿಶಾಸ್ತ್ರ ಸಂಸ್ಥೆಯಾಗಿ ಅದು ರಾಸ್ ಅವರ ಹೆಸರು ಹೊತ್ತಿದೆ. ಹತ್ತಾಣೆ ಪಡೆದ ಹುಸೇನ್ ಖಾನ್ ಅವರ ಹೆಸರು ರಾಸ್ ಬರೆದಿಟ್ಟದ್ದರಿಂದ ಉಳಿಯಿತು.