ಕಸದಲ್ಲಿ ಕಾಲವನ್ನು ಕಂಡವರು

ಶಿಕಾರಿಪುರ, ಸೊರಬ ಸೀಮೆಗಳಲ್ಲಿ ಹಳೆಯದನ್ನು ಅರಸುವವರ ಕಣ್ಣು ಮೊದಲು ಹರಿಯುವುದು ಕಲ್ಲಿನ ಕಡೆಗೆ. ತಾಳಗುಂದದ ಕಂಬ, ಬಳ್ಳಿಗಾವೆಯ ದಾನಶಾಸನಗಳು, ಸೊರಬದ ಹಳ್ಳಿಹಳ್ಳಿಗಳ ವೀರಗಲ್ಲುಗಳು ಬಿಸಿಲು ಮಳೆಗಳನ್ನು ಸಹಿಸಿ ಉಳಿದವು. ಬಿ. ಎಲ್. ರೈಸರು ಪಂಡಿತರ ನೆರವಿನಿಂದ ಅವುಗಳ ಪಾಠವನ್ನು ಸಿದ್ಧಪಡಿಸಿ, 1902 ಮತ್ತು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ, ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದರು. ಆದರೆ ಕಾಗದಕ್ಕೆ ಕಲ್ಲಿನ ಆಯುಸ್ಸಿಲ್ಲ. ಹೊಲಿಗೆಯ ಯಂತ್ರ, ಸೈಕಲ್ಲು, ಗ್ರಾಮಫೋನುಗಳು ಮೊದಲು ಪೇಟೆಗೆ ಬಂದಾಗ ಅವುಗಳ ಗುಣಗಾನ ಮಾಡಿದ ಜಾಹೀರಾತಿನ ಹಾಳೆಗಳು ಏನಾದವು? ಕೆಲವು ಪೊಟ್ಟಣ ಕಟ್ಟಲು ಹೋದವು, ಕೆಲವು ಒಲೆಗೆ ಹೋದವು. ಅಂಥ ಹಾಳೆಗಳನ್ನು ಕೂಡಿಹಾಕುವುದನ್ನೇ ಜೀವನದ ವ್ರತವಾಗಿಸಿಕೊಂಡ ವಿದ್ವಾಂಸರೊಬ್ಬರು ಇಂಗ್ಲೆಂಡಿನಲ್ಲಿದ್ದರು. ಅವರೇ ಜಾನ್ ಜಾನ್‌ಸನ್.

1882ರಲ್ಲಿ ಲಿಂಕನ್‌ಷೈರಿನಲ್ಲಿ ಜನಿಸಿದ ಜಾನ್‌ಸನ್ನರು ಆಕ್ಸ್‌ಫರ್ಡಿನಲ್ಲಿ ಓದಿ, ಈಜಿಪ್ಟಿನ ಸರ್ಕಾರಿ ನೌಕರಿಗೆ ಸೇರಿದರು. ಕೆಲವೇ ವರ್ಷಗಳಲ್ಲಿ ಅದನ್ನು ತೊರೆದು ಪ್ರಾಚೀನ ಪಪೈರಸ್ ಹಾಳೆಗಳ ವ್ಯಾಸಂಗಕ್ಕೆ ತೊಡಗಿದರು. 1913–14ರಲ್ಲಿ ನೈಲ್ ನದಿಯ ತೀರದ ಆಂಟಿನೊಯೆ ಎಂಬ ಹಾಳೂರಿನ ಕಸದ ದಿಬ್ಬಗಳನ್ನು ಅಗೆಸಿದಾಗ, ಗ್ರೀಕ್ ಕವಿ ಥಿಯಾಕ್ರಿಟಸನ ಕಾವ್ಯದ ಹರಕು ಪುಟಗಳು ಅವರಿಗೆ ದೊರೆತವು. ಈಜಿಪ್ಟಿನ ಇಂಥ ದಿಬ್ಬಗಳಲ್ಲಿ ಕಾವ್ಯವಷ್ಟೇ ಅಲ್ಲ, ಲೆಕ್ಕದ ಚೀಟಿ, ರಶೀದಿ, ಮನೆವಾರ್ತೆಯ ಪತ್ರಗಳೂ ಸಿಕ್ಕುತ್ತಿದ್ದವು. ಪುರಾತನರು ಬೇಡವೆಂದು ಎಸೆದುದೇ ಅವರ ಬಾಳನ್ನು ತಿಳಿಸುವ ಸಾಕ್ಷಿಯಾಗಿತ್ತು. ಹಾಗಿದ್ದಮೇಲೆ ತಮ್ಮ ನಾಡಿನವರು ಎಸೆಯುತ್ತಿರುವ ಕಾಗದವನ್ನು ಮಣ್ಣಾಗುವ ಮೊದಲೇ ಏಕೆ ಉಳಿಸಬಾರದೆಂಬ ಯೋಚನೆ ಅವರಲ್ಲಿ ಬೇರೂರಿತು.

1915ರಲ್ಲಿ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವನ್ನು ಸೇರಿ, 1925ರಲ್ಲಿ ವಿಶ್ವವಿದ್ಯಾನಿಲಯದ ಮುದ್ರಕರ ಪದವಿಗೇರಿದರು. ಆಕ್ಸ್‌ಫರ್ಡಿನ ಮಹಾನಿಘಂಟು 1928ರಲ್ಲಿ ಪೂರ್ಣಗೊಂಡದ್ದು ಅವರ ಕಾಲದಲ್ಲಿಯೇ. ಒಂದು ಕಡೆ ಶಾಶ್ವತ ಗ್ರಂಥಗಳನ್ನು ಅಚ್ಚು ಹಾಕಿಸುತ್ತ, ಇನ್ನೊಂದು ಕಡೆ ಒಂದು ದಿನದ ಆಯುಸ್ಸಿನ ನಾಟಕದ ಕರಪತ್ರ, ಲಾಟರಿಯ ಪ್ರಕಟಣೆ, ಸಾಬೂನಿನ ಹೊದಿಕೆ, ಹೊಸ ಯಂತ್ರಗಳ ಜಾಹೀರಾತುಗಳನ್ನು ಅವರು ರಾಶಿಹಾಕಿದರು, ವಿಷಯವಾರು ವಿಂಗಡಿಸಿದರು.

ಇದರಿಂದ ಪ್ರಯೋಜನವೇನು? ಬ್ರಿಟನ್ನಿನ ಪೇಟೆಂಟ್ ವ್ಯವಸ್ಥೆ 1852ರಲ್ಲಿ ಸುಗಮವಾಯಿತು. ಭಾರತಕ್ಕೂ 1856ರಲ್ಲಿ ಮೊದಲ ಪೇಟೆಂಟ್ ಕಾಯಿದೆ ಬಂದಿತು. ಪೇಟೆಂಟಿನ ದಾಖಲೆ ಯಂತ್ರದ ರಚನೆಯನ್ನು ವಿವರಿಸುತ್ತದೆ. ಕಚೇರಿ ಅದನ್ನು ಜೋಪಾನ ಮಾಡುತ್ತದೆ. ಆದರೆ ಆ ಯಂತ್ರ ಎಂಥವರ ಮನೆಗಾಗಿ, ಎಷ್ಟು ಬೆಲೆಗೆ, ಯಾವ ಆಸೆ ತೋರಿಸಿ ಪೇಟೆಗೆ ಬಂದಿತೆಂಬುದನ್ನು ತಿಳಿಯಲು ಜಾಹೀರಾತೇ ಬೇಕು. ‘ಪೇಟೆಂಟ್ ಔಷಧ’ಗಳೆಂದು ಸಾರಿಕೊಂಡವುಗಳಲ್ಲಿ ಹೆಚ್ಚಿನವಕ್ಕೆ ಪೇಟೆಂಟೇ ಇರಲಿಲ್ಲ. ಅಂಥ ಹುಸಿ ಭರವಸೆಯೂ ಚರಿತ್ರೆಯ ಒಂದು ಅಂಗವೆಂದು ಬಗೆದು, ಜಾನ್‌ಸನ್ನರು ಆ ಹಾಳೆಗಳಿಗೂ ಸ್ಥಳ ಕೊಟ್ಟರು.

ವಿಧಿಯ ವಿನೋದವನ್ನು ನೋಡಿ. 1930ರ ದಶಕದಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಭಂಡಾರವೇ ತನಗೆ ಅಷ್ಟಾಗಿ ಬೇಡವೆನಿಸಿದ ಬಿಡಿಹಾಳೆಗಳನ್ನು ಅವರ ವಶಕ್ಕೆ ಕೊಟ್ಟಿತ್ತು. ಜಾನ್‌ಸನ್ನರು 1946ರಲ್ಲಿ ನಿವೃತ್ತರಾದರು, 1956ರಲ್ಲಿ ಕಾಲವಾದರು. ಅವರು ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ, 1968ರಲ್ಲಿ, ಅವರ ಇಡೀ ಸಂಗ್ರಹ ಅದೇ ಬೋಡ್ಲಿಯನ್‌ಗೆ ಸೇರಿತು. ಹತ್ತು ಲಕ್ಷಕ್ಕೂ ಮೀರಿದ ಆ ಕಾಗದಗಳು ಇಂದು ಅಲ್ಲಿ ಅವರ ಹೆಸರಿನಲ್ಲಿಯೇ ಭದ್ರವಾಗಿವೆ. ಒಮ್ಮೆ ಹೊರಗೆ ಹೋದದ್ದು ನಿಧಿಯಾಗಿ ಒಳಗೆ ಬಂದಿತು.

ನಮ್ಮಲ್ಲಿಯೂ ಒಂದು ಕಾಲಕ್ಕೆ ಎಷ್ಟೋ ಶಾಸನಗಳು ಮೆಟ್ಟಿಲಿನ ಕಲ್ಲುಗಳಾಗಿದ್ದವು. ಅವನ್ನು ಓದಬಲ್ಲ ಕಣ್ಣು ಬಿದ್ದ ಮೇಲೆ ಅವುಗಳಿಗೆ ಬೆಲೆ ಬಂದಿತು. ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಹಳೆಯ ಮನೆಯ ಅಟ್ಟವನ್ನು ಗುಡಿಸುವಾಗ, ಮಾಸಿದ ಪಂಚಾಂಗದ ಹಿಂಬದಿಯಲ್ಲಿ ಲಾಂದ್ರದ್ದೋ ಗಡಿಯಾರದ್ದೋ ಜಾಹೀರಾತು ಕಂಡರೆ, ಅದನ್ನು ಒಲೆಗೆ ಹಾಕುವ ಮುನ್ನ ಒಂದು ಕ್ಷಣ ಓದಿ ನೋಡಬಹುದು. ಜಾನ್‌ಸನ್ನರ ಬಾಳೆಲ್ಲ ಅಂಥ ಒಂದು ಕ್ಷಣದ ವಿಸ್ತಾರವೇ ಆಗಿತ್ತು.